ಸ್ಮೈಲಪ್ಪನವರ ಕತ್ತು ಮತ್ತು ಬಚ್ಚಲ ಬಾಗಿಲು

ಬಾಗಿಲು ಎಳೆದದ್ದು ಅತ್ತೆ. ಬಾಗಿಲಿನ ಜೊತೆ ಬಚ್ಚಲೊಳಗೆ ಬಂದದ್ದು ಅಳಿಯ.

ಅದೂ ಗದ್ದ ಮುಂದಾಗಿ, ಕುರ್ಚಿ ಹಿಂದಾಗಿ. ಗದ್ದವನ್ನೂ ಹಿಂದಲೆಯನ್ನೂ ಸೇರಿಸಿ ಹಿಡಿದ ಬಟ್ಟೆಯ ಪಟ್ಟಿ, ಪಟ್ಟಿಯಿಂದ ಮೇಲಕ್ಕೆ ಹೋದ ಹಗ್ಗ, ಹಗ್ಗ ಹಾಯುವ ರಾಟೆ, ರಾಟೆಯನ್ನು ಹೊತ್ತು ಬಾಗಿಲಿನ ನೆತ್ತಿಗೆ ಸಿಕ್ಕಿಕೊಂಡ ಕಬ್ಬಿಣದ ಕೊಕ್ಕೆ, ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ನೀರಿನ ಚೀಲ: ಕತ್ತು ಎಳೆಯುವ ಸಾಧನವೆಂದರೆ ಇಷ್ಟೇ. ಚೀಲ ಕೆಳಕ್ಕೆ ಜಗ್ಗುತ್ತದೆ, ತಲೆ ಮೇಲಕ್ಕೆ ಹೋಗುತ್ತದೆ, ನಡುವೆ ಕತ್ತು ಏನಾದರೂ ಮಾಡಿಕೊಳ್ಳುತ್ತದೆ. ಬಚ್ಚಲಲ್ಲಿ ಯಾರೂ ಇಲ್ಲವೆಂದು ತಿಳಿದು ಸ್ಮೈಲಪ್ಪನವರು ಆ ಬಾಗಿಲನ್ನು ಆರಿಸಿಕೊಂಡಿದ್ದರು. ಒಳಗೆ ಅತ್ತೆ ಸದ್ದಿಲ್ಲದೆ ಹಲ್ಲಿನ ಸೆಟ್ಟು ತೊಳೆಯುತ್ತಿದ್ದರು.

ನೀರಿನ ಚೀಲ ಒಡೆದು ಅತ್ತೆಯ ಪಾದ ತೊಳೆಯಿತು. ಅಳಿಯ ಅತ್ತೆಯ ಪಾದ ತೊಳೆದ ಪುಣ್ಯಕಾಲ ಆ ಮನೆಯಲ್ಲಿ ಅದೇ ಮೊದಲು.

"ಬಾಗಿಲು ತಟ್ಟೋ ಅಭ್ಯಾಸ ಇಲ್ವಾ ಅಳಿಯಂದ್ರೇ?" ಎಂದರು ಅತ್ತೆ, ಹಲ್ಲಿಲ್ಲದೆ ಎಷ್ಟು ಗಂಭೀರವಾಗಿ ಹೇಳಬಹುದೋ ಅಷ್ಟು ಗಂಭೀರವಾಗಿ.

"ಮ್ಮ್... ಮ್ಮ್ಮ್," ಎಂದರು ಸ್ಮೈಲಪ್ಪನವರು. ದವಡೆ ಕಟ್ಟಿದವರಿಂದ ಅದಕ್ಕಿಂತ ಹೆಚ್ಚಿನ ಸಮಜಾಯಿಷಿ ನಿರೀಕ್ಷಿಸಬಾರದು.

ಹೆಂಡತಿ ಅಡಿಗೆಮನೆಯಿಂದ ಓಡಿ ಬಂದಳು. "ಅಯ್ಯೋ ಅಮ್ಮಾ, ಅವರು ಕತ್ತು ನೆಟ್ಟಗೆ ಮಾಡ್ಕೋತಿದ್ದಾರೆ!"

"ನನ್ನ ಬಚ್ಚಲಲ್ಲಾ? ಹಾಲ್‌ನಲ್ಲಿ ಬೇಡ ಅಂದೋರು ಯಾರು?"

ತಲೆಬಾಗಿಲು ಯಾವುದೆಂದು ಕೇಳಿದರೆ ಆ ಮನೆಯವರು ಅಂದಿನಿಂದ ಬಚ್ಚಲಿನ ಕಡೆ ಕೈ ತೋರಿಸುವಂತಾಯಿತು. ಸ್ಮೈಲಪ್ಪನವರು ಪಟ್ಟಿ ಬಿಚ್ಚಿ, ಗದ್ದ ಸವರಿಕೊಂಡು, ಕಪಾಟಿನ ಮೇಲಿಟ್ಟಿದ್ದ ಕನ್ನಡಕಕ್ಕೆ ತಡಕಾಡಿದರು. ಮೊದಲಾದರೆ ಅದನ್ನು ಮಂಚದ ಮೇಲೆ ಇಡುತ್ತಿದ್ದರು. ಅತ್ತೆ ಒಮ್ಮೆ ಅದರ ಮೇಲೆ ಕುಳಿತು, "ಏನೋ ಚುಚ್ಚಿತಲ್ಲ" ಎಂದು ಎದ್ದ ಮೇಲೆ ಕಪಾಟಿಗೆ ಬಡ್ತಿಯಾಗಿತ್ತು.

ಸ್ಮೈಲಪ್ಪ ಅಂದರೆ ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರ ಹೆಸರನ್ನು ಗಿರಾಕಿಗಳು ಮರೆತು ಎಷ್ಟೋ ಕಾಲವಾಗಿತ್ತು. ಸ್ಟುಡಿಯೋದ ಕರಿಪರದೆಯ ಹಿಂದಿನಿಂದ "ಸ್ಮೈಲ್, ಸ್ಮೈಲ್" ಎಂದು ಹೇಳಿ ಹೇಳಿ ಈ ಹೆಸರು ಬಿದ್ದಿತ್ತು. ತಾವು ಮಾತ್ರ ನಗುವವರಲ್ಲ. ಹಲ್ಲಿನ ವೈದ್ಯ ತನ್ನ ಹಲ್ಲು ತಾನೇ ಕೀಳುತ್ತಾನೆಯೇ?

ಹರೆಯದಲ್ಲಿ ಆ ಸ್ಟುಡಿಯೋಗೆ ಕೆಲಸ ಕಲಿಯಲು ಬಂದರು. ಕತ್ತಲೆ ಕೋಣೆಯಲ್ಲಿ ತಟ್ಟೆ ತೊಳೆದರು, ಫೋಟೋ ತೊಳೆದರು, ಕೊನೆಗೆ ಮಾಲೀಕರ ಮಗಳ ಕಣ್ಣೀರನ್ನೂ ತೊಳೆದರು. ಅವಳಿಗೆ ಆಗ ಬೇರೆ ಗಂಡು ನೋಡುತ್ತಿದ್ದರು. ಮಾಲೀಕರು ಮಾವನಾದರು. ಮಾವ ಕಲಿಸಿದ ವಿದ್ಯೆ ಒಂದೇ ಮಾತಿನದು: "ಕತ್ತು ನೋಡಿಕೋ, ಮುಖ ತಾನಾಗಿ ಬರುತ್ತೆ." ಮಾವನ ಕಾಲದ ದೊಡ್ಡ ಮರದ ಕ್ಯಾಮೆರಾದ ಮಸುಕು ಗಾಜಿನ ಮೇಲೆ ಪೆನ್ಸಿಲಿನ ಒಂದು ಅಡ್ಡಗೀಟಿತ್ತು. ಗಿರಾಕಿಯ ಎರಡು ಕಣ್ಣೂ ಆ ಗೀಟಿನ ಮೇಲೆ ಕುಳಿತರೆ ಕತ್ತು ನೆಟ್ಟಗೆ ಎಂದು ಅರ್ಥ. ಆ ಕ್ಯಾಮೆರಾ ಗುಜರಿಗೆ ಹೋದ ಮೇಲೆ ಗೀಟಿಲ್ಲದೆ ಸ್ಮೈಲಪ್ಪನವರಿಗೆ ಕೈಕಾಲೇ ಆಡಲಿಲ್ಲ. ಅದೃಷ್ಟಕ್ಕೆ ಅದೇ ಹೊತ್ತಿಗೆ ವಯಸ್ಸಾಗಿ, ದೂರಕ್ಕೂ ಹತ್ತಿರಕ್ಕೂ ಆಗುವ, ನಡುವೆ ಗೀಟಿರುವ ಕನ್ನಡಕ ಬಂತು. ಕ್ಯಾಮೆರಾದ ಮೇಲಿಂದ ಇಣುಕಿ ಆ ಗೀಟಿನ ಮೇಲೆ ಗಿರಾಕಿಗಳ ಕಣ್ಣು ಕೂರಿಸತೊಡಗಿದರು. ಮುಕ್ಕಾಲು ಊರಿನ ಮುಖಗಳು ಹೀಗೆ ಅವರ ಮೂಗಿನ ಮೇಲೆ ಕುಳಿತು ಹೋದವು.

ಎಲ್ಲಾ ಚೆನ್ನಾಗಿಯೇ ಇತ್ತು. ಆಮೇಲೆ ಯಾವುದೋ ಗಳಿಗೆಯಲ್ಲಿ ಅವರ ಕತ್ತು ಎಡಕ್ಕೆ ವಾಲಿತು. ಮೊದಲು ಬರೀ ವಾಲಿತು, ಆಮೇಲೆ ಬಿಗಿಯಿತು, ಆಮೇಲೆ ಹಗಲಿರುಳು ನೋಯತೊಡಗಿತು. ಕೇಳಿದವರಿಗೆಲ್ಲ "ಸಂಸಾರದ ಭಾರ" ಎಂದುಬಿಡುತ್ತಿದ್ದರು. ಹೆಂಡತಿ ಎದುರಿಗಿದ್ದರೆ "ಕ್ಯಾಮೆರಾದ ಭಾರ" ಎನ್ನುತ್ತಿದ್ದರು.

ನೋವನ್ನಾದರೂ ಸಹಿಸಬಹುದಿತ್ತು, ಹೊಟ್ಟೆಗೆ ಕಲ್ಲು ಬಿದ್ದದ್ದು ಶಾಲೆಯಿಂದ. ಮಾವನ ಕಾಲದಿಂದಲೂ ಪಕ್ಕದ ಬೀದಿಯ ಶಾಲೆಯ ವರ್ಷದ ಗುಂಪುಫೋಟೋ ಇವರದೇ. ಸ್ಟಾಫ್‌ರೂಮಿನ ಗೋಡೆಯ ಮೇಲೆ ಮಾವನವೂ ಅಳಿಯನವೂ ಸಾಲಾಗಿ ತೂಗುತ್ತಿದ್ದವು. ಕಳೆದ ವರ್ಷದ ಫೋಟೋದಲ್ಲಿ ಇಡೀ ಶಾಲೆ, ಮೆಟ್ಟಿಲು, ಮಕ್ಕಳು, ಮುಖ್ಯೋಪಾಧ್ಯಾಯಿನಿ ಸಮೇತ, ಮುಳುಗುವ ಹಡಗಿನಂತೆ ಒಂದು ಕಡೆಗೆ ವಾಲಿತ್ತು. ಮುಖ್ಯೋಪಾಧ್ಯಾಯಿನಿ ಬಹಳ ಯೋಚಿಸಿ, ಫೋಟೋ ನೆಟ್ಟಗೆ ಕಾಣಲೆಂದು ಚೌಕಟ್ಟನ್ನೇ ಸೊಟ್ಟಗೆ ತೂಗುಹಾಕಿದ್ದರು. ನೋಡಿದವರೆಲ್ಲ ಹೋಗಿ ಹೋಗಿ ಸರಿಮಾಡುತ್ತಿದ್ದರು, ಶಾಲೆ ಮತ್ತೆ ಮುಳುಗುತ್ತಿತ್ತು.

"ಈ ವರ್ಷ ಒಂದೇ ಒಂದು ಅವಕಾಶ," ಎಂದಿದ್ದರು ಆಕೆ. "ಎದುರಂಗಡಿಯವನು ಮೊಬೈಲಲ್ಲೇ ತೆಗೀತೀನಿ ಅಂತಿದ್ದಾನೆ. ನಿಮ್ಮ ಮಾವನ ಮುಖ ನೋಡಿ ಸುಮ್ನಿದ್ದೀನಿ."

ಮಾವನ ಮುಖ ಸ್ಟುಡಿಯೋದ ಗೋಡೆಯ ಮೇಲಿತ್ತು. ಸ್ಮೈಲಪ್ಪನವರಿಗೆ ಈಗೀಗ ಅದೂ ವಾಲಿದಂತೆ ಕಾಣುತ್ತಿತ್ತು. ಎದುರಂಗಡಿಯವನ ಮೊಬೈಲಿಗೆ ಶಾಲೆಯ ಗೋಡೆ ಬಿಟ್ಟುಕೊಡುವುದಕ್ಕಿಂತ ಕತ್ತನ್ನೇ ಬಿಟ್ಟುಕೊಡುವುದು ವಾಸಿ ಎನ್ನಿಸಿತು.

ಅದೇ ವಾರ ಪಾಸ್‌ಪೋರ್ಟ್ ಫೋಟೋಗೆಂದು ಫಿಸಿಯೋ ಡಾಕ್ಟರಮ್ಮ ಬಂದರು, ಬೀದಿ ಕೊನೆಯ ಕ್ಲಿನಿಕ್ಕಿನವರು.

"ಸ್ವಲ್ಪ ಕತ್ತು ಎಡಕ್ಕಮ್ಮಾ," ಎಂದರು ಸ್ಮೈಲಪ್ಪ. "ಇನ್ನೂ ಸ್ವಲ್ಪ. ಇನ್ನೊಂಚೂರು."

"ಸರ್, ಇನ್ನೂ ಎಡಕ್ಕೆ ಹೋದ್ರೆ ಕಿವಿ ಭುಜಕ್ಕೆ ತಾಗುತ್ತೆ."

"ನೆಟ್ಟಗಾಗ್ತಾ ಇದೆ ಅಮ್ಮಾ, ಸ್ವಲ್ಪ ತಡ್ಕೊಳ್ಳಿ."

ಡಾಕ್ಟರಮ್ಮ ಸ್ಟೂಲಿನಿಂದ ಎದ್ದು ಬಂದು, ಅವರ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಸೊಟ್ಟಗಿರೋದು ನನ್ನ ಕತ್ತಲ್ಲ ಸರ್, ನಿಮ್ದು."

ಜನ್ಮದಲ್ಲಿ ಮೊದಲ ಬಾರಿಗೆ ಗಿರಾಕಿಯೊಬ್ಬರು ಸ್ಮೈಲಪ್ಪನವರ ಕತ್ತು ಸರಿಮಾಡಿದ್ದರು.

ಎಕ್ಸ್‌ರೇ ಆಯಿತು. ಮೂಳೆ ಸವೆದಿಲ್ಲ, ನರ ಒತ್ತಿಲ್ಲ, ಸ್ನಾಯು ಮಾತ್ರ ಬಿಗಿದಿದೆ ಎಂದಾಯಿತು. ಡಾಕ್ಟರಮ್ಮ ಮೊದಲು ಕ್ಲಿನಿಕ್ಕಿನಲ್ಲೇ ಎಳೆದು ನೋಡಿ, ಸರಿಹೋಗುತ್ತದೆ ಎಂದ ಮೇಲೆ ಸಾಧನ ಕೊಟ್ಟು ಮನೆಗೆ ಕಳಿಸಿದರು. ಚೀಲದ ಮೇಲೆ ತಾವೇ ಗೆರೆ ಎಳೆದು, "ನೀರು ಇಲ್ಲೀವರೆಗೆ ಮಾತ್ರ, ಹತ್ತು ನಿಮಿಷ ಮಾತ್ರ" ಎಂದರು. "ಬಾಗಿಲಿಗೆ ಚಿಲಕ ಹಾಕಿರ್ಬೇಕು. ಮನೇಲಿ ಒಬ್ರು ಇರ್ಬೇಕು. ಕೈ ಜುಮ್ಮಂದ್ರೆ, ತಲೆ ತಿರುಗಿದ್ರೆ ತಕ್ಷಣ ಬಿಚ್ಚಿ ನನಗೆ ಫೋನ್ ಮಾಡಿ. ನಿಮ್ಮ ಬುದ್ಧಿ ಮಾತ್ರ ಉಪಯೋಗಿಸ್ಬೇಡಿ."

ಚಿಲಕದ ಮಾತನ್ನು ಸ್ಮೈಲಪ್ಪನವರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟದ್ದರ ಫಲ ಬಚ್ಚಲಿನಲ್ಲಿ ಕಂಡದ್ದಾಯಿತು. ಆದರೂ ಬುದ್ಧಿ ಉಪಯೋಗಿಸದೆ ಇರಲಾಗಲಿಲ್ಲ. ಶಾಲೆಯ ಫೋಟೋದ ದಿನ ಹತ್ತಿರ ಬರುತ್ತಿತ್ತು. ಅಷ್ಟು ನೀರಿಗೆ ಇಷ್ಟು ನೆಟ್ಟಗಾದರೆ ಚೀಲ ತುಂಬಿದರೆ ಎಷ್ಟು ಬೇಗ ಮುಗಿಯಬೇಡ? ಹೊಸ ಚೀಲ ತಂದು, ಹಳೆಯದರ ಅಳತೆಗೇ ಗೆರೆ ಎಳೆದು, ಆ ಗೆರೆಯನ್ನು ದಾಟಿಸಿ ಕಂಠಮಟ್ಟ ನೀರು ತುಂಬಿ, ಗದ್ದ ಕಟ್ಟಿಕೊಂಡು ಕುಳಿತರು. ಎದ್ದಾಗ ಕತ್ತು ನೆಟ್ಟಗಿತ್ತು ನಿಜ, ಆದರೆ ತಿರುಗುವುದನ್ನೇ ಮರೆತಿತ್ತು. ಎಡಕ್ಕೆ ನೋಡಬೇಕಾದರೆ ಎಡಕ್ಕೆ ಹೊರಟು ಹೋಗಬೇಕು. ಬೆರಳುಗಳು ಜುಮ್ಮೆಂದವು. ಸ್ಟುಡಿಯೋಗೆ ಬಂದ ಗಿರಾಕಿಯನ್ನು ಮಾತಾಡಿಸಲು ಇಡೀ ಮೈಯನ್ನು ಕಪಾಟು ಸರಿಸಿದ ಹಾಗೆ ಸರಿಸಿಕೊಂಡರು.

"ಗಿಡ ಬೇಗ ಬೆಳೀಲಿ ಅಂತ ಹಿಡಿದು ಎಳೀತೀರಾ ಸರ್?" ಎಂದು ಡಾಕ್ಟರಮ್ಮ ಬೈದರು. ವಾರ ಪೂರ್ತಿ ಸಾಧನ ಮುಟ್ಟಕೂಡದು, ಬಿಸಿ ಶಾಖ ಮಾತ್ರ ಎಂದರು. ಆಮೇಲೆ ಆಕೆ ಅಧಿಕಾರವನ್ನೆಲ್ಲ ಹೆಂಡತಿಯ ಕೈಗೆ ಕೊಟ್ಟುಬಿಟ್ಟರು. ಹೆಂಡತಿ ಗೆರೆಯ ಮೇಲೆ ಉಗುರಿನ ಕೆಂಪು ಬಣ್ಣ ಬಳಿದಳು. ಬಚ್ಚಲು, ಮಲಗುವ ಕೋಣೆ ಎರಡನ್ನೂ ತಿರಸ್ಕರಿಸಿ, ಯಾರಿಗೂ ಬೇಡದ ಉಗ್ರಾಣದ ಬಾಗಿಲು ಗೊತ್ತುಮಾಡಿದಳು. ಚಿಲಕ ಹಾಕಿ, ಎಳೆದು ನೋಡಿ, ಆಮೇಲೆಯೇ ಗಂಡನ ಗದ್ದಕ್ಕೆ ಪಟ್ಟಿ. ಕಾವಲಿಗೆ ಅತ್ತೆ, ಕುರ್ಚಿ ಹಾಕಿಕೊಂಡು.

ಇಲ್ಲಿಂದ ಯಾರೂ ಎಣಿಸದ ಒಂದು ಸೇವೆ ಆ ಮನೆಯಲ್ಲಿ ಶುರುವಾಯಿತು. ದವಡೆ ಕಟ್ಟಿದ, ತಲೆ ಅಲ್ಲಾಡಿಸಲಾಗದ, ಎದ್ದು ಹೋಗಲಾಗದ ಅಳಿಯನಿಗಿಂತ ಒಳ್ಳೆಯ ಶ್ರೋತೃ ಲೋಕದಲ್ಲಿ ಎಲ್ಲಿ ಸಿಕ್ಕಾನು? ಅತ್ತೆ ಮದುವೆಯ ದಿನದಿಂದ ಆರಂಭಿಸಿದರು. "ಅವತ್ತು ನಿಮ್ಮಕ್ಕ ನನ್ನ ಸೀರೆ ನೋಡಿ ನಕ್ಕಿದ್ದು ನಂಗೆ ಗೊತ್ತು ಅಳಿಯಂದ್ರೇ."

"ಮ್ಮ್."

"ನೋಡಿ, ಒಪ್ಕೊಂಡ್ರಿ."

ಸುದ್ದಿ ಹಬ್ಬಿತು. ಮೇಲಿನ ಮನೆಯಾಕೆ ಸೊಸೆಯ ವಿಷಯ ಹೇಳಿಕೊಳ್ಳಲು ಬಂದಳು. ಇಸ್ತ್ರಿ ಅಂಗಡಿಯವನು ತಮ್ಮನ ವಿಷಯಕ್ಕೆ ಬಂದ. ಅತ್ತು, ಮೂಗೊರೆಸಿಕೊಂಡು, "ನೀವೊಬ್ರೇ ಸ್ವಾಮಿ ನಡುವೆ ಬಾಯಿ ಹಾಕದೆ ಕೇಳಿದ್ದು" ಎಂದು ಕೈಮುಗಿದು ಹೋದ. ಹತ್ತು ನಿಮಿಷದ ಗಡಿಯಾರ ಬಡಿದರೆ ಕೆಲವರು ಬೇಸರಪಟ್ಟರು.

"ಇನ್ನೈದು ನಿಮಿಷ ಬಿಡಮ್ಮಾ, ಈಗ ತಾನೇ ಮುಖ್ಯವಾದದ್ದಕ್ಕೆ ಬಂದೆ."

"ಆಗಲ್ಲ, ಕತ್ತು ನಿಮ್ಮದಲ್ಲ," ಎಂದು ಹೆಂಡತಿ ಪಟ್ಟಿ ಬಿಚ್ಚುತ್ತಿದ್ದಳು.

ನೋವು ನಿಜಕ್ಕೂ ಇಳಿಯಿತು. ಪಟ್ಟಿಯೊಳಗೆ ಕತ್ತು ಸಲಾಕೆಯಂತೆ ನೆಟ್ಟಗೆ ನಿಲ್ಲುತ್ತಿತ್ತು. ವಿಚಿತ್ರವೆಂದರೆ, ಕನ್ನಡಕ ಹಾಕಿಕೊಂಡು ಸ್ಟುಡಿಯೋಗೆ ಹೋಗಿ ಕ್ಯಾಮೆರಾದ ಹಿಂದೆ ನಿಂತ ಕೂಡಲೇ, ಕರೆದವರ ಮನೆಗೆ ಹೋದಂತೆ, ಅದು ಮತ್ತೆ ಎಡಕ್ಕೆ ಹೊರಡುತ್ತಿತ್ತು.

ಶಾಲೆಯ ದಿನ ಬಂತು. ಮೆಟ್ಟಿಲುಗಳ ಮೇಲೆ ಸಾಲುಸಾಲಾಗಿ ಮಕ್ಕಳು, ನಡುವೆ ಮುಖ್ಯೋಪಾಧ್ಯಾಯಿನಿ, ಅಕ್ಕಪಕ್ಕ ಮೇಷ್ಟರುಗಳು. ಗೇಟಿನ ಬಳಿ ಎದುರಂಗಡಿಯವನು, ಸುಮ್ಮನೆ ಬಂದವನಂತೆ, ಮೊಬೈಲು ಒರೆಸುತ್ತ ನಿಂತಿದ್ದ. ಸ್ಮೈಲಪ್ಪನವರು ಬೆಂಚು ಹತ್ತಿ, ಕ್ಯಾಮೆರಾದ ಮೇಲಿಂದ ನೋಡಿದರು. ಇಡೀ ಶಾಲೆ ವಾಲಿತ್ತು.

"ಎಲ್ಲರೂ ಸ್ವಲ್ಪ ಎಡಕ್ಕೆ ವಾಲಿ ಮಕ್ಕಳೇ!"

ಮಕ್ಕಳಿಗೆ ಇಂಥ ಆಜ್ಞೆ ಯಾವತ್ತು ಸಿಕ್ಕಿತ್ತು? ಒಟ್ಟಿಗೆ ವಾಲಿದರು. ಮೇಷ್ಟರುಗಳೂ ವಾಲಿದರು. ಡ್ರಾಯಿಂಗ್ ಮೇಷ್ಟರು ಪಿ.ಟಿ. ಮೇಷ್ಟರ ಮಡಿಲಿಗೆ ಬಿದ್ದರು.

"ಇನ್ನೂ ಸ್ವಲ್ಪ!"

"ಏನ್ರೀ ಇದು!" ಮುಖ್ಯೋಪಾಧ್ಯಾಯಿನಿ ವಾಲಿಕೊಂಡೇ ಕೂಗಿದರು. "ನನ್ನ ಶಾಲೆಯೋ, ಗಾಳಿಗೆ ಬಿದ್ದ ಜೋಳದ ಹೊಲವೋ? ಸಾಕು, ಇಳೀರಿ ಕೆಳಗೆ!"

ಎದುರಂಗಡಿಯವನು ಗೇಟು ದಾಟಿ ಒಳಗೆ ಬಂದ. ಸ್ಮೈಲಪ್ಪನವರ ಹಣೆಯಿಂದ ಬೆವರು ಇಳಿದು ಕನ್ನಡಕ ಮೂಗಿನ ತುದಿಗೆ ಜಾರಿತು. ಒಂದು ಕೈಯಲ್ಲಿ ಅದರ ಒಂದು ಬದಿಯನ್ನು ಎತ್ತಿ ಹಿಡಿದು, ಕೊನೆಯ ಸಲ ಎಂಬಂತೆ ಶಾಲೆಯನ್ನು ನೋಡಿದರು. ಆ ಬದಿಯನ್ನು ಇಳಿಸಿ ನೋಡಿದರು, ಮತ್ತೆ ಎತ್ತಿ ನೋಡಿದರು. ಆ ಕೈ ಅಲ್ಲೇ ಇತ್ತು.

"ಮೇಡಂ, ಒಂದೇ ಒಂದು," ಎಂದರು ಬೇರೆಯದೇ ದನಿಯಲ್ಲಿ. "ಮಕ್ಕಳೇ, ನಿಮ್ಮಷ್ಟಕ್ಕೆ ನೀವು ನಿಂತ್ಕೊಳ್ಳಿ. ನಾನೇನೂ ಹೇಳಲ್ಲ."

ಕ್ಯಾಮೆರಾದ ಕಾಲನ್ನು ಒಂಚೂರು ಸರಿಸಿ, ಒಂದು ಕೈ ಕನ್ನಡಕದ ಮೇಲೆ, ಒಂದು ಕೈ ಗುಂಡಿಯ ಮೇಲೆ ಇಟ್ಟು, ಒತ್ತಿದರು. "ಸ್ಮೈಲ್" ಎನ್ನುವುದನ್ನು ಕೂಡ ಮರೆತಿದ್ದರು. ಆದರೂ ಎಲ್ಲರೂ ನಗುತ್ತಿದ್ದರು.

ಚೌಕಟ್ಟು ಹಾಕಿಸಿದ ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಸ್ಟಾಫ್‌ರೂಮಿಗೆ ಹೋದರು. ಮುಖ್ಯೋಪಾಧ್ಯಾಯಿನಿ ಅದನ್ನು ಮೊಳೆಗೆ ಹಾಕಿ, ಹಿಂದೆ ಸರಿದು ನೋಡಿದರು. ಶಾಲೆ ನೆಟ್ಟಗಿತ್ತು, ಚೌಕಟ್ಟೂ ನೆಟ್ಟಗಿತ್ತು. "ಮುಂದಿನ ವರ್ಷಾನೂ ನೀವೇ," ಎಂದರು. ಸ್ಮೈಲಪ್ಪನವರಿಗೆ ಕಣ್ಣು ಮಂಜಾಯಿತು. ತಿರುಗಿದರೆ ಸ್ಟಾಫ್‌ರೂಮಿನ ಒಳಬಾಗಿಲ ಮೇಲೆ ಒಂದು ಕಬ್ಬಿಣದ ಕೊಕ್ಕೆ! ಕೆಳಗೆ ಕುರ್ಚಿಯಲ್ಲಿ ಡ್ರಾಯಿಂಗ್ ಮೇಷ್ಟರು ಗದ್ದ ಕಟ್ಟಿಸಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಇನ್ನೂ ಮೂವರು ಸರದಿಗೆ ಕಾಯುತ್ತಿದ್ದರು.

ಸ್ಮೈಲಪ್ಪನವರು ಓಡಿಹೋಗಿ ಮೊದಲು ಚಿಲಕ ಹಾಕಿದರು. ಆಮೇಲೆ ಚೀಲದ ನೀರು ನೋಡಿದರು. "ಡಾಕ್ಟರಿಗೆ ತೋರಿಸಿದ್ರಾ ಮೇಷ್ಟ್ರೇ?"

"ಮ್ಮ್ಮ್," ಎಂದರು ಮೇಷ್ಟರು, ಇಲ್ಲ ಎನ್ನುವ ರಾಗದಲ್ಲಿ.

"ಹಾಗಾದ್ರೆ ಬಿಚ್ಚಿ, ಬಿಚ್ಚಿ. ಕತ್ತು ಅಂದ್ರೆ ಬಾವಿ ಹಗ್ಗ ಅಲ್ಲ."

"ಎಲ್ಲಾ ನಿಮ್ಮನ್ನ ನೋಡಿಯೇ ಕಲಿತದ್ದು," ಎಂದರು ಮುಖ್ಯೋಪಾಧ್ಯಾಯಿನಿ. "ಇಡೀ ಬೀದಿ ನಿಮ್ಮ ಉಗ್ರಾಣದ ಬಾಗಿಲ ಬಗ್ಗೆ ಮಾತಾಡ್ತಿದೆ. ಈಗ ನಮ್ಮೆಲ್ಲರ ಮುಂದೆ ಗುಟ್ಟು ಹೇಳಿಬಿಡಿ. ಎಷ್ಟು ನೀರು ಹಾಕಿ, ಎಷ್ಟು ದಿನ ನೇತಾಡಿದ್ಮೇಲೆ ಫೋಟೋ ಇಷ್ಟು ನೆಟ್ಟಗೆ ಬಂತು?"

ಪಟ್ಟಿ ಬಿಚ್ಚಿಸಿಕೊಂಡ ಮೇಷ್ಟರೂ, ಸರದಿಯ ಮೂವರೂ ಕತ್ತು ಚಾಚಿ ಕಾದರು. ಸ್ಮೈಲಪ್ಪನವರು ಹೊಸದಾಗಿ ರಿಪೇರಿಯಾಗಿ ಗೀಟು ನೆಟ್ಟಗಾದ ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ನೇತಾಡಿದ್ದಕ್ಕೆ ನೋವು ಕಮ್ಮಿ ಆಯ್ತು ಮೇಡಂ, ಸುಳ್ಳು ಹೇಳಲ್ಲ. ಫೋಟೋ ಸೊಟ್ಟ ಆಗಿದ್ದು ಬೇರೆ ಕಾರಣಕ್ಕೆ. ಎರಡು ವರ್ಷದ ಹಿಂದೆ ನಮ್ಮತ್ತೆ ನನ್ನ ಕನ್ನಡಕದ ಮೇಲೆ ಕೂತಿದ್ರು."