ಒಬ್ಬರೇ ನುಂಗದ ಮಾತ್ರೆ

ಕಾಣಿಯೂರಿನ ಜತ್ತಪ್ಪ ಡಾಕ್ಟರು ಕುರ್ಚಿಯಲ್ಲಿ ಕೂತು ರೋಗಿ ನೋಡಿದ್ದನ್ನು ಕಂಡವರಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಮನುಷ್ಯ. ನಾಡಿ ಹಿಡಿದುಕೊಂಡೇ ಬಾಗಿಲ ತನಕ ನಡೆದುಬಿಡುತ್ತಿದ್ದರು. ಪಾಪ, ರೋಗಿಯೂ ಹಿಂದೆಯೇ ಹೋಗಬೇಕು.

ಹೆತ್ತ ಹೆಂಗಸರು ರಕ್ತವಿಲ್ಲದೆ ಸಾಯುವುದನ್ನು ನೋಡಿ ನೋಡಿ ಅವರ ಜೀವ ಹಣ್ಣಾಗಿತ್ತು. ಬರಿಗಾಲಲ್ಲಿ ದುಡಿಯುವವರ ಮೈ ಸೇರುವ ಕೊಕ್ಕೆಹುಳವೇ ಇದಕ್ಕೆ ಕಾರಣ, ಮಾತ್ರೆ ಕೊಟ್ಟರೆ ಬದುಕುತ್ತಾರೆ ಎಂಬುದು ಅವರ ವಾದ. ಅದನ್ನು ರುಜುಮಾಡಿ ತೋರಿಸಿದರೆ ತಾನೇ ಸರಕಾರ ಊರೂರಿಗೆ ಮಾತ್ರೆ ಕಳಿಸುವುದು? ೧೯೬೧ರಲ್ಲಿ ಸಂಶೋಧನೆಗೆ ಹಣ ಕೇಳಿ ದಿಲ್ಲಿಗೆ ಅರ್ಜಿ ಹಾಕಿದರು. ಊರಿನ ಅರ್ಧ ಮನೆಗಳಿಗೆ ಮಾತ್ರೆ ಕೊಟ್ಟು, ಉಳಿದರ್ಧಕ್ಕೆ ಕೊಡದೆ ಮಾಡಿದ ಪರೀಕ್ಷೆಯ ವಿವರವನ್ನೂ ಸೇರಿಸಿದರು. ಅರ್ಜಿ ವಾಪಸು ಬಂತು. ಎರಡೂ ಕಡೆಯವರು ಒಂದೇ ಸಮ ಸುಧಾರಿಸಿದ್ದಾರಲ್ಲ, ಮಾತ್ರೆಯ ಗುಣವೇನು ಬಂತು ಎಂದು ಕೇಳಿದ್ದರು.

ಡಾಕ್ಟರಿಗೆ ಮೈಯೆಲ್ಲ ಉರಿಯಿತು. ಮನೆಮನೆ ಸುತ್ತಿದರು. ಗುಟ್ಟು ಬಿಟ್ಟುಕೊಟ್ಟವಳು ಮಾತ್ರೆ ಸಿಕ್ಕಿದ ಮನೆಯ ನೆಬೀಸ.

"ಆಚೆಮನೆ ತಿಮ್ಮಕ್ಕನಿಗೆ ಕೊಡದೆ ನಾನೊಬ್ಳೇ ನುಂಗುದು ಹೇಗೆ ಡಾಕ್ಟ್ರೆ? ಹಲಸಿನ ಹಣ್ಣು ಕೊಯ್ದ್ರೂ ಅರ್ಧ ಆಚೆ ಹೋಗ್ತದೆ. ಇದು ಮದ್ದಲ್ವಾ!"

ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು. ಮನೆಗೆ ಓಡಿ, ಜಗಲಿಯಲ್ಲಿ ಶತಪಥ ತಿರುಗುತ್ತ ಹೊಸ ಅರ್ಜಿ ಹೇಳಿದರು. ಹೆಂಡತಿ ಕಮಲಾವತಿ ಬರೆದುಕೊಂಡಳು. "ಈ ಕಡೆಯವರು ಮಾತ್ರೆಯನ್ನು ಒಬ್ಬರೇ ನುಂಗುವುದಿಲ್ಲ. ಆದ್ದರಿಂದ ಮನೆಗಳನ್ನಲ್ಲ, ಊರುಗಳನ್ನೇ ಬೇರೆ ಮಾಡಬೇಕು." ಕಾಣಿಯೂರು, ರಾಮಕುಂಜ ಇವೆರಡರಲ್ಲಿ ಒಂದಕ್ಕೆ ಈಗಲೇ ಮಾತ್ರೆ, ಇನ್ನೊಂದಕ್ಕೆ ವರ್ಷ ಕಳೆದು. ಯಾವುದು ಮೊದಲೆಂದು ದಿಲ್ಲಿಯವರೇ ಚೀಟಿ ಎತ್ತಲಿ.

ಉತ್ತರ ಬರುವವರೆಗೆ ಅವರಿಗೆ ಊಟ ಸೇರಲಿಲ್ಲ, ಬಸ್ಸಿನ ಸದ್ದು ಕೇಳಿದರೆ ಸಾಕು ರಸ್ತೆಗೆ ಇಳಿಯುತ್ತಿದ್ದರು. ಕೊನೆಗೂ ಹಣ ಮಂಜೂರಾಯಿತು. ಚೀಟಿಯಲ್ಲಿ ಬಂದದ್ದು ಕಾಣಿಯೂರು.

ಡಾಕ್ಟರು ಕುಣಿಯುವುದೊಂದು ಬಾಕಿ. ಕಮಲಾವತಿ ಮಾತ್ರ ಕಂಬಕ್ಕೊರಗಿ ನಿಂತಿದ್ದಳು. ಅವಳ ತಂಗಿ ಕುಮುದಿನಿಯನ್ನು ಕೊಟ್ಟದ್ದು ರಾಮಕುಂಜಕ್ಕೆ.

"ಹೆತ್ತ ಮೇಲೆ ಅವಳು ಸರಿಯಾಗಿ ಎದ್ದೇ ಇಲ್ಲ. ಒಂದು ವರ್ಷ ಕಾಯ್ಲಿಕ್ಕೆ ಉಂಟಾ?"

ಡಾಕ್ಟರ ನಗು ಆರಿತು. ಅಂಗಳದ ತುದಿಯವರೆಗೆ ಹೋದರು, ಬಂದರು, ಮತ್ತೆ ಹೋದರು.

"ಇಲ್ಲಿಗೇ ಕರ್ಕೊಂಡು ಬಾ. ಪರೀಕ್ಷೆಯಿಂದ ಅವಳ ಹೆಸರು ತೆಗೆದ್ರಾಯ್ತು."

"ಕರ್ಕೊಂಡು ಬರುದು ಸುಲಭ. ಅವಳ ಆಚೆಮನೆ ಸುಹರಾನೂ ಹಾಗೇ ಬಿಳಚಿ ಮಲಗಿದ್ದಾಳೆ. ಅವಳನ್ನು ಬಿಟ್ಟು ಇವಳೊಬ್ಳೇ ನುಂಗ್ತಾಳಾ? ನೀವು ಹೇಳಿದ್ದನ್ನೇ ಅಲ್ವಾ ನಾನು ಬರ್ದದ್ದು?"

ಜತ್ತಪ್ಪ ಡಾಕ್ಟರು ಕುರ್ಚಿ ಎಳೆದು ಕೂತುಬಿಟ್ಟರು.