ಅತ್ತೆಯ ಅಂಟಿನುಂಡೆಗೆ ಪುರಾವೆ

ಗೆಳೆಯರೇ, ಎಂಬತ್ತರ ದಶಕದ ಒಂದು ವರ್ಷ ಇದೇ ದಿನ ರಾಜಾಜಿನಗರದ ನಮ್ಮ ಮನೆಯಲ್ಲಿ ಅತ್ತೆಗೂ ಡಾಕ್ಟರಮ್ಮನಿಗೂ ಜಗಳವಾಯಿತು. ನಾನು ಹದಿನೈದು ದಿನದ ಬಾಣಂತಿ. ನನ್ನನ್ನು ನೋಡಲು ಬಂದ ಡಾಕ್ಟರಮ್ಮ ತಟ್ಟೆಯಲ್ಲಿದ್ದ ಅಂಟಿನುಂಡೆ ಕಂಡು, “ಮರದ ಅಂಟು ತಿಂದ್ರೆ ಸೊಂಟ ಗಟ್ಟಿಯಾಗುತ್ತೆ ಅನ್ನೋಕೆ ಪುರಾವೆ ಏನಮ್ಮಾ?” ಎಂದರು.

ಅತ್ತೆ ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ನಡುಮನೆಯಲ್ಲಿ ಒಂದು ಸುತ್ತು ಬಂದರು. “ಏಳು ಹೆತ್ತಿದೀನಿ. ಸಾಕಾ?”

ಡಾಕ್ಟರಮ್ಮ ನಕ್ಕುಬಿಟ್ಟರು. “ಅದು ನಿಮ್ಮ ಗಟ್ಟಿತನ, ಅಂಟಿಂದಲ್ಲ. ಆದ್ರೆ ಶುದ್ಧವಾದ ತಿನ್ನೋ ಅಂಟಾದ್ರೆ ಭಯ ಇಲ್ಲ. ದಿನಕ್ಕೊಂದು ಸಾಕು, ನೀರು ಚೆನ್ನಾಗಿ ಕುಡೀಲಿ. ಮೈ ತುರಿಸಿದ್ರೆ ತಕ್ಷಣ ನಿಲ್ಸಿ.”

ಅಷ್ಟರಲ್ಲಾಗಲೇ ಎರಡು ತಿಂದು ಹೆದರಿ ಕೂತಿದ್ದ ನನಗೆ ‘ಭಯ ಇಲ್ಲ’ ಎಂಬ ಮಾತು ಕೇಳಿ ಎದೆ ಹಗುರವಾಯಿತು.

“ನಿಮಗೂ ಒಂದು ಕೊಡ್ಲಾ?” ಎಂದರು ಅತ್ತೆ. ಡಾಕ್ಟರಮ್ಮ ಅಲ್ಲೇ ನಿಂತು ತಿಂದರು.

ಮರುವಾರ ನನ್ನನ್ನು ನೋಡಲು ಬಂದ ಡಾಕ್ಟರಮ್ಮ ನೇರವಾಗಿ ಅಡುಗೆಮನೆಗೇ ಹೋದರು.