ಮೂಗಿನ ಮೇಲಿನ ಬೆರಳು

ನಮ್ಮಕ್ಕನಿಗೆ ಸಿಟ್ಟು ಅನ್ನುವುದೇ ಬರುತ್ತಿರಲಿಲ್ಲ. ಮನೆಗೆ ಬೇಕಾದ ಸಿಟ್ಟನ್ನೆಲ್ಲ ನಾನೊಬ್ಬಳೇ ಗುತ್ತಿಗೆ ಹಿಡಿದಿದ್ದೆ. ಹಾಲಿನವನು ತಡ ಮಾಡಿದರೆ ಬೀದಿಗೆ ಕೇಳುವ ಹಾಗೆ ಕೂಗಾಡುವವಳು ನಾನು. "ಪಾಪ, ಸೈಕಲ್ ಪಂಕ್ಚರ್ ಆಗಿರ್ಬೇಕು ಬಿಡೇ" ಅನ್ನುವವಳು ಅವಳು. ಯಾರು ಏನೇ ತಪ್ಪು ಮಾಡಲಿ, ಅವರ ಪರವಾಗಿ ಒಂದು "ಪಾಪ" ಅವಳ ಬಾಯಲ್ಲಿ ಸಿದ್ಧವಾಗಿರುತ್ತಿತ್ತು.

ದೊಡ್ಡ ಲೈಬ್ರರಿಯೊಂದರ ಹಿಂಬದಿಯ ಕೋಣೆಯಲ್ಲಿ ಕೂತು ಅವಳು ಹರಿದ ಪುಸ್ತಕಗಳನ್ನು ರಿಪೇರಿ ಮಾಡುತ್ತಿದ್ದಳು. ಒಂದು ಉದ್ದನೆಯ ಮೇಜು, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ರಟ್ಟು, ದಾರ, ಗೋಂದಿನ ಡಬ್ಬ. ಕೈಬೆರಳಲ್ಲಿ ಸದಾ ಗೋಂದು ಒಣಗಿರುತ್ತಿದ್ದುದರಿಂದ ಎಲ್ಲರೂ ಅವಳನ್ನು ಗೋಂದಕ್ಕ ಎಂದೇ ಕರೆಯುತ್ತಿದ್ದರು. ಮದುವೆ ಆಗಲಿಲ್ಲ. ಕೇಳಿದವರಿಗೆ "ಪುರುಸೊತ್ತೆಲ್ಲಿತ್ತು?" ಅನ್ನುತ್ತಿದ್ದಳು. ಅವಳಿಗೆ ನಾನು, ನನಗೆ ಅವಳು, ಅಷ್ಟೇ ನಮ್ಮ ಬಳಗ.

ಆ ಕೋಣೆಗೆ ಒಂದು ದಿನ ಹುಡುಗಿಯೊಬ್ಬಳು ಬಂದಳು. ಡಿಗ್ರಿ ಮುಗಿಸಿದ ಅಂಗವಿಕಲ ಮಕ್ಕಳನ್ನು ಒಂದು ವರ್ಷ ಕೆಲಸಕ್ಕಿಟ್ಟುಕೊಂಡು, ಆ ಕೆಲಸ ಬಲ್ಲ ಹಿರಿಯರೊಬ್ಬರ ಕೈಕೆಳಗೆ ಪಳಗಿಸುವ ಯೋಜನೆ ಲೈಬ್ರರಿಯಲ್ಲಿ ಹೊಸದಾಗಿ ಶುರುವಾಗಿತ್ತು. ವರ್ಷದ ಕೊನೆಗೆ ಒಂದು ಪರೀಕ್ಷೆ. ಚಿಂದಿಯಾದ ಪುಸ್ತಕವೊಂದನ್ನು ಯಾರ ನೆರವೂ ಇಲ್ಲದೆ ಮತ್ತೆ ಪುಸ್ತಕ ಮಾಡಿ ತೋರಿಸಬೇಕು. ಗೆದ್ದರೆ ಕೆಲಸ ಖಾಯಂ. ಈ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳದು. ಇತಿಹಾಸದಲ್ಲಿ ಒಳ್ಳೆಯ ಮಾರ್ಕ್ಸು ತೆಗೆದಿದ್ದಳು. ಹೋದ ಇಂಟರ್‌ವ್ಯೂಗಳಲ್ಲೆಲ್ಲ ಅವರು ಇವಳ ಕಿವಿಯ ಹತ್ತಿರ ಕಿರುಚಿ, ಆಮೇಲೆ "ತಿಳಿಸ್ತೀವಿ" ಅಂದು ಕಳಿಸಿದ್ದರಂತೆ. ಎದುರಿಗಿದ್ದವರ ತುಟಿಯನ್ನೇ ಪಿಳಿಪಿಳಿ ನೋಡಿ ಮಾತು ಹಿಡಿಯುತ್ತಿದ್ದಳು. ಅಕ್ಕ ಅವಳಿಗೆ ಪಿಳಿಪಿಳಿ ಎಂದೇ ಹೆಸರಿಟ್ಟಳು.

ಮೊದಲ ದಿನವೇ ಫಜೀತಿ. ಮೇಜಿನ ಮೇಲೆ ಹಾಳೆಗಳ ರಾಶಿ, ಪಕ್ಕದಲ್ಲೇ ಎಲ್ಲರ ಊಟದ ಡಬ್ಬಿ. "ಅದನ್ನೆಲ್ಲ ಮಡಿಸು" ಅಂದು ಕೈ ತೋರಿಸಿ ಅಕ್ಕ ಆಚೆ ಹೋದಳು. ಬಂದು ನೋಡಿದರೆ ಹುಡುಗಿ ಡಬ್ಬಿಗಳನ್ನೆಲ್ಲ ಬಿಚ್ಚಿ, ಕಾವಲುಗಾರನಿಗೂ ಒಂದು ತಟ್ಟೆ ಹುಡುಕಿ, ಎಲ್ಲರಿಗೂ ಬಡಿಸುತ್ತಿದ್ದಾಳೆ! ಮಡಿಸು ಅಂದರೂ ಬಡಿಸು ಅಂದರೂ ತುಟಿ ಆಡುವುದು ಒಂದೇ ಥರ. ನಮ್ಮಂಥ ಕಿವಿಯಿದ್ದವರಿಗೆ ಇದು ಯಾವತ್ತಾದರೂ ಹೊಳೆದಿತ್ತೇ? ಕನ್ನಡಿ ಮುಂದೆ ನಿಂತು ಹೇಳಿ ನೋಡಿ, ಗೊತ್ತಾಗುತ್ತದೆ. ಅಕ್ಕ ನಕ್ಕು ನಕ್ಕು ಸುಸ್ತಾಗಿ, ಬಡಿಸಿದ್ದನ್ನು ಉಂಡು, ಅಲ್ಲೇ ಒಂದು ಉಪಾಯ ಕಂಡುಹಿಡಿದಳು. ಹುಡುಗಿಯ ಬೆರಳನ್ನು ತನ್ನ ಮೂಗಿನ ಮೇಲಿಟ್ಟುಕೊಂಡು "ಮ್ಮ್" ಅಂದಳು. ಮೂಗಿನೊಳಗೆ ಗುಂಯ್ ಅಂದದ್ದು ಅವಳ ಬೆರಳಿಗೆ ತಿಳಿಯಿತು. ಅಂದಿನಿಂದ ಮ ಬಂದರೆ ಮೂಗಿನ ಮೇಲೆ ಬೆರಳು, ಬ ಬಂದರೆ ಕೆನ್ನೆಯ ಮೇಲೆ.

ಹೊಸಬರು ನೋಡಿದರೆ "ಇದೇನು, ಈ ಮೇಡಂ ಮಾತುಮಾತಿಗೂ ಮೂಗಿನ ಮೇಲೆ ಬೆರಳಿಡ್ತಾರೆ, ಅಷ್ಟೊಂದು ಆಶ್ಚರ್ಯ ಏನು?" ಅನ್ನುತ್ತಿದ್ದರಂತೆ. ನನ್ನ ಮನೆಗೆ ಬಂದಾಗಲೂ ಅಕ್ಕನಿಗೆ ಅದೇ ಚಟ. "ಮಜ್ಜಿಗೆ ಕೊಡೇ" ಅನ್ನುವಾಗಲೂ ಕೈ ಮೂಗಿಗೆ ಹೋಗುತ್ತಿತ್ತು. ನಾನು ರೇಗಿಸಿದರೆ "ನಿಂಗೆ ಕಿವಿ ಇದ್ದೂ ಕೇಳಲ್ವಲ್ಲ, ಅದಕ್ಕೇ" ಅನ್ನುತ್ತಿದ್ದಳು.

ಹುಡುಗಿಗೆ ಬರೆಯುವ ಹುಚ್ಚು. ಏನು ಕೇಳಬೇಕಾದರೂ ರಟ್ಟಿನ ತುಂಡಿನ ಮೇಲೆ ಗೀಚಿ ಮುಂದೆ ಹಿಡಿಯುತ್ತಿದ್ದಳು. ಅಕ್ಕ ಕೆನ್ನೆಯ ಮೇಲೆ ಬೆರಳಿಟ್ಟು "ಬರೀಬೇಡ, ಬಾಯಿ ಬಿಟ್ಟು ಹೇಳು" ಅನ್ನುತ್ತಿದ್ದಳು. ಬೇರೆಯವರು ನಕ್ಕಾರು ಎಂದು ಹುಡುಗಿ ದನಿಯನ್ನು ನುಂಗಿಕೊಂಡು ಬೆಳೆದವಳು. ಅಕ್ಕನ ಹಟಕ್ಕೆ ನಿಧಾನವಾಗಿ ಮಾತಾಡತೊಡಗಿದಳು. ದನಿ ದಪ್ಪ, ಅಕ್ಷರಗಳ ಅಂಚು ಸವೆದ ಹಾಗೆ. ಆದರೂ ಅರ್ಥವಾಗುತ್ತಿತ್ತು.

ವರ್ಷ ತುಂಬುವ ಮೊದಲೇ ಅಕ್ಕನ ಶ್ವಾಸಕೋಶ ಕೈಕೊಟ್ಟಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ನೋಡಿಕೊಳ್ಳುವವರ ಹತ್ತಿರ ಇರಲಿ ಅಂದರು. ನನ್ನೂರಿಗೆ ಕರೆದುಕೊಂಡು ಹೋಗಲು ಟ್ಯಾಕ್ಸಿ ತಂದೆ. ದಾರಿಯಲ್ಲಿ ಲೈಬ್ರರಿಗೆ ಹೋಗಲೇಬೇಕು ಎಂದು ಹಟ ಹಿಡಿದಳು. ನಾನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಹುಡುಗಿಯ ಎರಡೂ ಕೈಗಳನ್ನು ತನ್ನ ಎರಡೂ ಕೈಯೊಳಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ದಿನಾ ಬರೀತೀನಿ ಅಕ್ಕ" ಅಂದಳು ಹುಡುಗಿ.

"ಮರೀಬೇಡ ಕಣೇ" ಅಂದಳು ಅಕ್ಕ. ದಮ್ಮು ಕಟ್ಟುತ್ತಿತ್ತು. "ಮರೀಬೇಡ."

ಹುಡುಗಿಯ ಮುಖ ಸಪ್ಪಗಾಯಿತು. ಅಗಲುವ ಸಂಕಟ ಇರಬೇಕು ಎಂದುಕೊಂಡೆ. ಆಮೇಲೆ ಅವಳು ಜಾಣ ಮಗುವಿನ ಹಾಗೆ ತಲೆಯಾಡಿಸಿದಳು.

ನನ್ನ ಮನೆಯ ಕಿಟಕಿಯ ಪಕ್ಕ ಅಕ್ಕನಿಗೆ ಮಂಚ ಹಾಕಿದೆ. ದಿಂಬಿನ ಕೆಳಗೆ ಫೋನು. ಟಿಣ್ ಅಂದರೆ ಸಾಕು, ಎಂಥ ಸಂಕಟದಲ್ಲೂ ಕಣ್ಣು ತೆರೆಯುತ್ತಿದ್ದಳು. "ನೋಡೇ, ಪಿಳಿಪಿಳೀದಾ?" ಅಲ್ಲ. ಸಾಲ ಬೇಕಾ, ಸೀರೆ ಬೇಕಾ ಅನ್ನುವವರು. ಅವರಿಗಿರುವಷ್ಟು ಅಕ್ಕರೆಯೂ ಆ ಹುಡುಗಿಗಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿದುಹೋಗುತ್ತಿತ್ತು. ಅಕ್ಕನಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾಲು. ಪರೀಕ್ಷೆ ಆಯಿತೋ, ಕೆಲಸ ಸಿಕ್ಕಿತೋ, ಚೆನ್ನಾಗಿದ್ದೇನೆ ಎಂದೋ.

"ಒಂದು ಸಾಲು ಬರೆದ್ರೆ ಕೈ ಸವೆದುಹೋಗುತ್ತಾ ಅವಳಿಗೆ? ನಾನೇ ಬರೆದು ಉಗೀತೀನಿ" ಅಂದೆ.

"ನನ್ನಾಣೆ, ಬೇಡ. ಮುಲಾಜಿಗೆ ಬರೆಸ್ಕೊಳ್ಳೋದು ಬೇಡ. ಪಾಪ, ಪರೀಕ್ಷೆಗೆ ತಯಾರಾಗ್ತಿರ್ಬೇಕು ಬಿಡೇ."

"ಹೋಗಲಿ, ನಿಮ್ಮ ಸಾಹೇಬರನ್ನಾದ್ರೂ ಕೇಳ್ಲಾ?"

"ಅಯ್ಯೋ, ಬೇಡಮ್ಮ! ನಾನು ಶಿಫಾರಸು ಮಾಡ್ತಿದ್ದೀನಿ ಅಂದ್ಕೋತಾರೆ. ಅವಳು ಸ್ವಂತ ಕೈಯಲ್ಲಿ ಗೆಲ್ಲಬೇಕು."

ಎಷ್ಟು ದಿನ ಅಂತ ಪಾಪ ಅನ್ನುತ್ತಾಳೆ? ಒಂದು ಮಧ್ಯಾಹ್ನ ಗೋಡೆಯ ಕಡೆ ತಿರುಗಿ ಮಲಗಿದವಳು "ನಾನು ಅವಳಿಗೆ ಏನು ಬೇಜಾರು ಮಾಡಿದ್ನೋ ಏನೋ" ಅಂದಳು. ಆಮೇಲೆ ಅವಳು ಆ ಹುಡುಗಿಯ ಸುದ್ದಿ ಎತ್ತಲಿಲ್ಲ. ಟಿಣ್ ಅಂದಾಗ ಕಣ್ಣು ಮಾತ್ರ ತೆರೆಯುತ್ತಿತ್ತು. ಕೊನೆಗೆ ಅದೂ ನಿಂತಿತು. ನಮ್ಮಕ್ಕ ಹೋಗಿಬಿಟ್ಟಳು.

ಲೈಬ್ರರಿಗೆ ತಿಳಿಸಬೇಕು ಎಂದು ಫೋನು ಎತ್ತುತ್ತಿದ್ದೆ, ಮತ್ತೆ ಕೆಳಗಿಡುತ್ತಿದ್ದೆ. ಹಾಗೇ ದಿನ ದೂಡುತ್ತಿದ್ದಾಗ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅವಳೇ! ಇಸ್ತ್ರಿ ಮಾಡಿದ ಬಟ್ಟೆ, ಕೊರಳಲ್ಲಿ ಲೈಬ್ರರಿಯ ಗುರುತಿನ ಚೀಟಿ, ಎದೆಗೆ ಅವುಚಿಕೊಂಡ ಒಂದು ದಪ್ಪ ಪುಸ್ತಕ, ಮುಖದ ತುಂಬ ನಗು.

"ಅಕ್ಕ?" ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ಈಗ ಬಂದ್ಯಾ ಮಹಾರಾಣಿ? ಇಲ್ಲ ಅವಳು, ಹೋದ್ಲು! ನಿನ್ನ ಒಂದು ಸಾಲಿಗೆ ಕಾದು ಕಾದು ಹೋದ್ಲು!" ಎಂದು ಬಾಯಿಗೆ ಬಂದ ಹಾಗೆ ಕೂಗಿದೆ. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದೆ, ಅಳು ಬೇರೆ. ಎಷ್ಟು ಅರ್ಥವಾಯಿತೋ. ಅವಳು ನನ್ನನ್ನು ದಾಟಿ ಒಳಗೆ ಹೋಗಿ, ಸುತ್ತಿಟ್ಟ ಹಾಸಿಗೆಯನ್ನೂ ಖಾಲಿ ಮಂಚವನ್ನೂ ನೋಡಿದಳು. ಅಲ್ಲೇ ನೆಲದ ಮೇಲೆ ಕುಸಿದಳು. ಅವಳು ಅತ್ತ ದನಿಯನ್ನು ನಾನು ಹೇಳಲಾರೆ. ತನ್ನ ಅಳು ತನಗೇ ಕೇಳದವರು ಅಳುವುದನ್ನು ನಾನು ಅವತ್ತೇ ಕೇಳಿದ್ದು.

ಸ್ವಲ್ಪ ಹೊತ್ತಿನ ಮೇಲೆ ಪುಸ್ತಕವನ್ನು ಮಂಚದ ಮೇಲೆ ಇಟ್ಟಳು. ಹೊಸ ಬೆನ್ನು, ಬಿಗಿಯಾದ ಹೊಲಿಗೆ. ಪರೀಕ್ಷೆಯ ಪುಸ್ತಕ. ಸಾಹೇಬರನ್ನು ಕೇಳಿ, ನನ್ನ ವಿಳಾಸವನ್ನೂ ಅವರಿಂದಲೇ ಪಡೆದು, ಅಕ್ಕನಿಗೆ ತೋರಿಸಲೆಂದೇ ತಂದಿದ್ದಳು.

"ಯಾಕೆ ಬರೀಲಿಲ್ಲ ನೀನು?" ಸೆರಗು ಸರಿಸಿ, ಅವಳಿಗೆ ಕಾಣುವ ಹಾಗೆ ಕೇಳಿದೆ.

"ಅಕ್ಕ ಹೇಳಿದ್ರು" ಅಂದಳು. ಕೆನ್ನೆಯ ಮೇಲೆ ಬೆರಳಿಟ್ಟಳು. "ಬರೀಬೇಡ. ಎರಡು ಸಲ ಹೇಳಿದ್ರು. ಗೆದ್ದು ಬಂದು ಬಾಯಲ್ಲೇ ಹೇಳಲಿ ಅಂತ ಇರ್ಬೇಕು ಅಂದ್ಕೊಂಡೆ. ದಿನಾ ಬರೆಯೋಣ ಅನ್ನಿಸ್ತಿತ್ತು. ಬರೀಲಿಲ್ಲ. ಅಕ್ಕನ ಮಾತು ಮೀರ್ಲಿಲ್ಲ."

ಅಯ್ಯೋ ದೇವರೇ! ಅಕ್ಕನ ಎರಡೂ ಕೈಯಲ್ಲಿ ಇವಳ ಕೈಗಳಿದ್ದವು. ಮೂಗು ಮುಟ್ಟಲು ಬೆರಳೆಲ್ಲಿತ್ತು ಅವಳಿಗೆ?

"ಮರೀಬೇಡ ಅಂದಿದ್ದು ಕಣೇ" ಎಂದು ನನಗರಿವಿಲ್ಲದೆ ಬಾಯಿಂದ ಬಂತು. "ಮರೀಬೇಡ, ಮರೀಬೇಡ ಅಂದಿದ್ದು!"

ಹುಡುಗಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಕಣ್ಣೀರಲ್ಲೇ ತಲೆಯಾಡಿಸಿದಳು. "ಹೂಂ, ಅದೇ" ಅಂದಳು, ನಾನು ಒಪ್ಪಿದ್ದಕ್ಕೆ ಸಮಾಧಾನವಾದವಳ ಹಾಗೆ. "ಬರೀಬೇಡ."

ನನ್ನ ಕೈ ಮೂಗಿನ ಕಡೆ ಏಳತೊಡಗಿತು. ಒಂದು ಬೆರಳು ಇಟ್ಟರೆ ಮುಗಿಯಿತು, ಎಲ್ಲ ಗೊತ್ತಾಗುತ್ತಿತ್ತು ಅವಳಿಗೆ. ನಾನು ಜನ್ಮದಲ್ಲಿ ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡವಳಲ್ಲ. ಆ ಕೈಯನ್ನು ಇಳಿಸಿ, ಅವಳ ಎರಡೂ ಕೈಗಳನ್ನು ನನ್ನ ಎರಡೂ ಕೈಯೊಳಗೆ ಬಿಗಿಯಾಗಿ ಹಿಡಿದುಕೊಂಡೆ.